ಭಾನುವಾರ ಚರ್ಚು, ಸೋಮವಾರ ಸಂತೆ: ನಂಬಿಗಸ್ತ ಕ್ರೈಸ್ತ ಬದುಕಿಗೆ ಕೆಲವು ಹೆಜ್ಜೆಗಳು

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಎಷ್ಟೋ ಹಳ್ಳಿಗಳಲ್ಲಿ ಮೂರೋ ನಾಲ್ಕೋ ಮನೆ ಇದ್ದರೆ ಹೆಚ್ಚು. ಯಾರು ಭಾನುವಾರ ಚರ್ಚಿಗೆ ಹೋಗುತ್ತಾರೆ ಅನ್ನೋದು ಇಡೀ ಓಣಿಗೆ ಗೊತ್ತಿರುತ್ತದೆ. ಅದೇ ಮನುಷ್ಯ ಸೋಮವಾರ ಸಂತೆಯಲ್ಲಿ ಹೇಗೆ ತೂಗುತ್ತಾನೆ, ಕೂಲಿಯವರ ಜೊತೆ ಹೇಗೆ ಮಾತಾಡುತ್ತಾನೆ ಅನ್ನೋದೂ ಗೊತ್ತಿರುತ್ತದೆ. ಯೇಸುಸ್ವಾಮಿ ಎಂಥವರು ಅಂತ ನೆರೆಮನೆಯವರು ನಮ್ಮ ನಡತೆ ನೋಡಿಯೇ ಅಂದಾಜು ಮಾಡುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಪ್ರಾರ್ಥನೆ, ಬೈಬಲ್ ಓದಿನ ಜೊತೆಗೆ ಕೂಲಿ, ಸಾಲ, ಜಗಳ, ಅಡುಗೆಮನೆಯ ಮಾತೂ ಬರುತ್ತದೆ. ನನ್ನ ಮಟ್ಟಿಗೆ ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಈ ಭಾಗಕ್ಕೆ ವಿಶ್ವಾಸ ಬಂದ ದಾರಿಗಳು ಹಲವು. 1820ರಲ್ಲಿ ಲಂಡನ್ ಮಿಷನ್‌ನವರು ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದರು. 1851ರಲ್ಲಿ ಬಾಸೆಲ್ ಮಿಷನ್ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂತು. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಆಯಿತು. ನಿಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಇರಲಿ, ಮೆಥೊಡಿಸ್ಟ್ ಇರಲಿ, ಕ್ಯಾಥೊಲಿಕ್ ಇರಲಿ, ಪೆಂತೆಕೊಸ್ತ್ ಸಭೆ ಇರಲಿ, ಇಲ್ಲಿ ಹೇಳಿರುವ ಜಾಸ್ತಿ ಭಾಗ ನಿಮಗೆ ಹೊಂದುತ್ತದೆ. ಎಲ್ಲಾದರೂ ನಿಮ್ಮ ಸಭೆಯ ಕ್ರಮ ಬೇರೆ ಇದ್ದರೆ ನಿಮ್ಮ ಪಾಸ್ಟರನ್ನೋ ಫಾದರನ್ನೋ ಕೇಳಿ ಅದನ್ನೇ ಹಿಡಿಯಿರಿ.

ದಿನದ ಹತ್ತು ನಿಮಿಷ

ಮೊದಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರು ಅಂತ ಮಾರ್ಕನು ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ರಬಕವಿ-ಬನಹಟ್ಟಿಯಂಥ ಊರಲ್ಲಿ ಮಗ್ಗ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಹೊಲಕ್ಕೆ ಹೋಗುವವರಿಗೆ ಬೆಳಕು ಹರಿದ ಮೇಲೆ ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ನಸುಕಿನ ಹತ್ತು ನಿಮಿಷ ಒಳ್ಳೆಯದು. ರಾತ್ರಿ ಪಾಳಿಯವರು ಮಲಗುವ ಮುಂಚೆ ಮಾಡಲಿ. ಹೊತ್ತು ಯಾವುದಾದರೂ ಸರಿ, ದಿನಾ ಅದೇ ಇರಲಿ.

ಏನು ಹೇಳಬೇಕು ಅಂತ ತೋಚದಿದ್ದರೆ ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಸಾಲಾಗಿ ನಿಧಾನ ಹೇಳಿ. ‘ನಮ್ಮ ಅನುದಿನದ ಆಹಾರ’ ಅಂದಾಗ ನಿಮ್ಮ ಮನೆಯ ಜೋಳದ ಡಬ್ಬಿ ನೆನಪಿಗೆ ಬರಲಿ, ಪಕ್ಕದ ಮನೆಯದೂ ಬರಲಿ. ತಪ್ಪು ಕ್ಷಮಿಸುವ ಸಾಲಿಗೆ ಬಂದಾಗ ಯಾರ ಮುಖ ಕಣ್ಣಿಗೆ ಬರುತ್ತದೋ ಅವರ ಹೆಸರು ಹೇಳಿ ಪ್ರಾರ್ಥಿಸಿ. ಪ್ರಸಂಗ ಮಾಡುವವರ ಧಾಟಿ ಬೇಡ. ನಿಮ್ಮ ಅವ್ವನ ಜೊತೆ ಯಾವ ಕನ್ನಡದಲ್ಲಿ ಮಾತಾಡುತ್ತೀರೋ ಅದೇ ಕನ್ನಡದಲ್ಲಿ ದೇವರ ಜೊತೆಯೂ ಮಾತಾಡಿ.

ಬೈಬಲನ್ನು ಎಲ್ಲಿಂದ ಓದುವುದು

ಹೊಸಬರು ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದ ಹೊತ್ತಿಗೆ ಕೈಬಿಡುತ್ತಾರೆ. ಮಾರ್ಕನಿಂದ ಶುರು ಮಾಡಿ. ಬರೀ 16 ಅಧ್ಯಾಯ. ದಿನಕ್ಕೊಂದು ಓದಿದರೂ ಎರಡು ವಾರದ ಮೇಲೆ ಎರಡು ದಿನ ಸಾಕು. ಆಮೇಲೆ ಲೂಕ, ಆಮೇಲೆ ಅಪೊಸ್ತಲರ ಕೃತ್ಯಗಳು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ, ತಾರೀಖಿಗೆ ಒಂದರಂತೆ ಸುಲಭವಾಗಿ ಹೊಂದುತ್ತವೆ. ಒಂದು ವರ್ಷದಲ್ಲಿ ಪೂರ್ತಿ ಓದಬೇಕು ಅನ್ನುವವರು ವಾರದ ಆರು ದಿನ ಮೂರು ಅಧ್ಯಾಯ, ಭಾನುವಾರ ಐದು ಅಧ್ಯಾಯ ಓದಿದರೆ 66 ಪುಸ್ತಕಗಳ 1,189 ಅಧ್ಯಾಯ ಮುಗಿಯುತ್ತವೆ. ಕ್ಯಾಥೊಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಅವರಿಗೆ ಸ್ವಲ್ಪ ಹೆಚ್ಚು ಬೇಕು.

ಹಳೆಯ ಅನುವಾದದ ಭಾಷೆ ಹುಡುಗರಿಗೆ ಕಷ್ಟ ಅನಿಸುವುದು ಸಹಜ. ಈಗ ಸರಳ ಕನ್ನಡದ ಅನುವಾದಗಳೂ ಸಿಗುತ್ತವೆ, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಓದಲು ಬಾರದ ಅಜ್ಜ-ಅಜ್ಜಿಗೆ ಮೊಬೈಲಿನಲ್ಲಿ ಕನ್ನಡ ಬೈಬಲ್ ಆಡಿಯೋ ಹಾಕಿ ಕೊಡಿ. ಮೊಮ್ಮಕ್ಕಳು ಕೂತು ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಣ್ಣು ಮುಚ್ಚಿ ಯಾವುದೋ ಪುಟ ತೆಗೆದು, ಬೆರಳಿಟ್ಟ ವಚನವೇ ಇವತ್ತಿನ ಉತ್ತರ ಅನ್ನುವ ರೂಢಿ ಬಿಡಿ. ಅದು ಶಕುನ ನೋಡಿದ ಹಾಗೆ ಆಗುತ್ತದೆ. ಒಂದು ವಚನ ಬೇಕಾದರೆ ಅದರ ಹಿಂದುಮುಂದಿನ ಇಡೀ ಅಧ್ಯಾಯ ಓದಿ. ಯಾರು ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ನೋಡಿ. ಕೊನೆಗೆ ಒಂದೇ ಪ್ರಶ್ನೆ: ಇದನ್ನು ಓದಿದ ಮೇಲೆ ನಾನು ಇವತ್ತು ಏನು ಮಾಡಬೇಕು? ಕೇಳಿದ್ದನ್ನು ಮಾಡದೆ ಸುಮ್ನೆ ಕೇಳಿಸಿಕೊಂಡವನು ತನ್ನನ್ನು ತಾನೇ ಮೋಸ ಮಾಡಿಕೊಳ್ಳುತ್ತಾನೆ ಅಂತ ಯಾಕೋಬನು ಬರೆದಿದ್ದಾನೆ.

ಭಾನುವಾರ, ಮತ್ತು ಭಾನುವಾರದ ಒಲೆ

ಮೊದಲ ಕಾಲದ ವಿಶ್ವಾಸಿಗಳು ನಾಲ್ಕು ಕೆಲಸ ಬಿಡದೆ ಮಾಡುತ್ತಿದ್ದರು: ಅಪೊಸ್ತಲರ ಬೋಧನೆ ಕೇಳುವುದು, ಅನ್ಯೋನ್ಯವಾಗಿರುವುದು, ರೊಟ್ಟಿ ಮುರಿಯುವುದು, ಪ್ರಾರ್ಥಿಸುವುದು. ಮೊಬೈಲಿನಲ್ಲಿ ಪ್ರಸಂಗ ಕೇಳಿದರೆ ಬೋಧನೆಯೊಂದು ಸಿಗಬಹುದು. ಪಕ್ಕದಲ್ಲಿ ಕೂತವರ ಕಷ್ಟ ಗೊತ್ತಾಗಬೇಕಾದರೆ ಎದ್ದು ಹೋಗಲೇಬೇಕು. ಹಳ್ಳಿಯಿಂದ ಬಸ್ಸಿಲ್ಲದಿದ್ದರೆ ಎರಡು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಳ್ಳಿ. ಅದೂ ಆಗದ ವಾರ ಮನೆಯಲ್ಲೇ ಕೂಟ ಮಾಡಿ.

ಈಗ ಒಲೆಯ ವಿಷಯ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತದೆ ನೋಡಿ. ಮನೆಯ ಹೆಣ್ಣುಮಗಳು ನಸುಕಿನಲ್ಲಿ ಎದ್ದು ಎಂಟು ಮಂದಿಗೆ ರೊಟ್ಟಿ ಬಡಿಯುತ್ತಾಳೆ. ಹೊಗೆ, ಹಿಟ್ಟು, ಬೆವರು. ಮಕ್ಕಳಿಗೆ ಸ್ನಾನ ಮಾಡಿಸಿ, ಪಲ್ಯ ಇಳಿಸಿ, ಕೈ ತೊಳೆದು ಓಡುವ ಹೊತ್ತಿಗೆ ಮೊದಲ ಗೀತೆ ಮುಗಿದಿರುತ್ತದೆ. ಅವಳು ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಾಳೆ. ಇಸ್ತ್ರಿ ಅಂಗಿಯ ಗಂಡ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕು ಅಂತ ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಇದನ್ನು ಮದುವೆಯ ದಿನ ಮಾತ್ರ ಓದಿದರೆ ಹೇಗೆ?

ಇದಕ್ಕೆ ದಾರಿ ನಮ್ಮ ಅಡುಗೆಯಲ್ಲೇ ಇದೆ. ಶನಿವಾರ ಹಗಲು ಖಡಕ್ ರೊಟ್ಟಿ ಮಾಡಿ ಬುಟ್ಟಿಯಲ್ಲಿ ಇಟ್ಟುಬಿಡಿ. ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಭಾನುವಾರ ಬೆಳಿಗ್ಗೆ ಒಲೆ ಹೊತ್ತಿಸುವ ಕೆಲಸವೇ ಇಲ್ಲ, ಚಹಾಕ್ಕೆ ಬಿಟ್ಟರೆ. ಚಹಾ ಗಂಡಸರು ಮಾಡಲಿ, ಮಕ್ಕಳ ಸ್ನಾನವನ್ನೂ ಅವರೇ ನೋಡಿಕೊಳ್ಳಲಿ. ಮನೆಗೆ ಬಂದ ಮೇಲೆ ಎಲ್ಲರೂ ಸೇರಿ ಬಿಸಿ ಅಡುಗೆ ಮಾಡಿದರಾಯಿತು. ಸಬ್ಬತ್ತಿನ ಆಜ್ಞೆಯಲ್ಲಿ ಆ ದಿನದ ವಿಶ್ರಾಂತಿ ಮಗಳಿಗೂ ದಾಸಿಗೂ ಎತ್ತಿಗೂ ಇದೆ. ನಿಮ್ಮ ಮನೆಯಲ್ಲಿ ಯಾರಿಗೆ ಇನ್ನೂ ಅದು ಸಿಕ್ಕಿಲ್ಲ, ನೋಡಿ.

ಕುಡಿತ, ಹೊಡೆತ ಇರುವ ಮನೆಯಲ್ಲಿ ‘ಸಹಿಸಿಕೋ ತಂಗಿ, ಪ್ರಾರ್ಥನೆ ಮಾಡು’ ಅಂತ ಹೇಳಿ ಕಳಿಸುವ ಹಿರಿಯರಿದ್ದಾರೆ. ಹಾಗೆ ಮಾಡಬೇಡಿ. ಅವಳ ಜೊತೆ ಪ್ರಾರ್ಥಿಸಿ, ಜೊತೆಗೆ ಆ ರಾತ್ರಿ ಅವಳಿಗೂ ಮಕ್ಕಳಿಗೂ ಮಲಗಲು ಜಾಗ ಕೊಡಿ. ಹೆಂಗಸರ ಸಹಾಯವಾಣಿ 181 ಇದೆ, ಪೊಲೀಸರಿಗೆ 112 ಇದೆ.

ಕೂಲಿ, ತೂಕ, ಸಾಲ

ನನ್ನ ಮನಸ್ಸಿಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯ. ನಾವು ಚರ್ಚಿನಲ್ಲಿ ಇದರ ಬಗ್ಗೆ ಮಾತಾಡುವುದು ತೀರಾ ಕಡಿಮೆ. ಬೈಬಲ್ ಮಾತ್ರ ಮತ್ತೆ ಮತ್ತೆ ಮಾತಾಡುತ್ತದೆ.

ಕೂಲಿಯಿಂದಲೇ ಶುರು ಮಾಡೋಣ. ದಿನಗೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ ಯಾಜಕಕಾಂಡ 19 ಹೇಳುತ್ತದೆ. ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಬಡವ, ಅದಕ್ಕೇ ಕಾದಿರುತ್ತಾನೆ ಅಂತ ಧರ್ಮೋಪದೇಶಕಾಂಡ 24 ಕಾರಣವನ್ನೂ ಕೊಡುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಯಾಕೋಬನ ಪತ್ರ 5ನೇ ಅಧ್ಯಾಯ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳಿಗೆ ‘ಶುಕ್ರವಾರ ಬಾ, ಸೋಮವಾರ ಬಾ’ ಅಂತ ತಿರುಗಿಸುವವರು ಈ ಮೂರು ಜಾಗಗಳನ್ನು ಒಮ್ಮೆ ಕೂತು ಓದಬೇಕು. ಕೆಲಸಕ್ಕೆ ಕರೆಯುವ ಮೊದಲೇ ಕೂಲಿಯ ದುಡ್ಡು ತೆಗೆದಿಡಿ. ಇಲ್ಲದಿದ್ದರೆ ಕರೆಯಬೇಡಿ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೆಲಸವಾದರೆ ಒಂದೇ ಕೂಲಿ ಕೊಡಿ.

ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಕಡೆ ಕಾರ್ಖಾನೆ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಎಷ್ಟೋ ಮಂದಿ ಮಹಾರಾಷ್ಟ್ರದ ಬೀಡ್ ಕಡೆಯವರು. ಹೊಲದ ಅಂಚಿನಲ್ಲಿ ಗುಡಿಸಲು ಹಾಕಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಪರದೇಶಿಯನ್ನು ನಿಮ್ಮವನಂತೆಯೇ ನೋಡಿಕೊಳ್ಳಿ ಅನ್ನುವ ಮಾತು ಅದೇ ಯಾಜಕಕಾಂಡ 19ರಲ್ಲಿ ಇದೆ. ನಿಮ್ಮ ಹೊಲಕ್ಕೆ ಗ್ಯಾಂಗ್ ಬಂದರೆ ಬೋರ್‌ವೆಲ್ಲಿನಿಂದ ಕುಡಿಯುವ ನೀರು ತುಂಬಿಕೊಳ್ಳಲು ಬಿಡಿ. ಹೆಣ್ಣುಮಕ್ಕಳಿಗೆ ನಿಮ್ಮ ತೋಟದ ಮನೆಯ ಪಾಯಖಾನೆ, ಬಚ್ಚಲು ತೆರೆದಿಡಿ. ಸಭೆಯ ಹುಡುಗ-ಹುಡುಗಿಯರು ಸಂಜೆ ಒಂದು ತಾಸು ಹೋಗಿ ಆ ಮಕ್ಕಳಿಗೆ ಅಕ್ಷರ, ಲೆಕ್ಕ ಹೇಳಿಕೊಟ್ಟರೆ ಎಷ್ಟು ದೊಡ್ಡ ಕೆಲಸ, ಅಲ್ವಾ? ಶೇಂಗಾ ಕಿತ್ತ ಮೇಲೆ ಹಕ್ಕಲು ಆರಿಸಲು ಬಂದ ಮುದುಕಿಯನ್ನು ಗದರಿಸಿ ಓಡಿಸಬೇಡಿ. ಬೈಬಲಿನ ರೂತಳು ಬೋವಜನ ಹೊಲದಲ್ಲಿ ಮಾಡಿದ್ದೂ ಅದನ್ನೇ.

ಅಂಗಡಿ, ಸಂತೆಯವರಿಗೆ ತೂಕದ ಮಾತು. ಕಳ್ಳ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11 ಶುರುವಾಗುವುದೇ ಹಾಗೆ. ಎಲೆಕ್ಟ್ರಾನಿಕ್ ತಕ್ಕಡಿಯ ಸೀಲು ಮುಗಿದಿದ್ದರೆ ಹಾಕಿಸಿಕೊಳ್ಳಿ. ದ್ರಾಕ್ಷಿಯೋ ನಿಂಬೆಯೋ ತುಂಬುವಾಗ ಮೇಲೆ ಒಳ್ಳೆಯದು, ಕೆಳಗೆ ಕೊಳೆತದ್ದು ಇಡಬೇಡಿ. ಪೌಲನು ಊರೂರು ಸುವಾರ್ತೆ ಸಾರಿದರೂ ಕೊರಿಂಥದಲ್ಲಿ ಡೇರೆ ಹೊಲಿದು ಹೊಟ್ಟೆ ಹೊರೆದುಕೊಂಡ. ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ, ಇಳಕಲ್ಲಿನಲ್ಲಿ ಸೀರೆಯ ಸೆರಗು ಜೋಡಿಸುವವರಿಗೆ ಇದು ಹತ್ತಿರದ ಮಾತು. ಕಾಯಕದ ಬೆಲೆ ಏನು ಅಂತ ಬಸವಣ್ಣನವರ ನೆಲದಲ್ಲಿ ಹುಟ್ಟಿದವರಿಗೆ ಹೊಸದಾಗಿ ಹೇಳಬೇಕಿಲ್ಲ.

ಸಾಲ. ಬಡ್ಡಿಗೆ ಕೊಡುವ ವಿಶ್ವಾಸಿಗಳಿದ್ದರೆ, ಬಡವನಿಗೆ ಕೊಟ್ಟ ಹಣಕ್ಕೆ ಬಡ್ಡಿ ತೆಗೆಯಬಾರದು ಅಂತ ವಿಮೋಚನಕಾಂಡ 22 ಹೇಳುತ್ತದೆ, ಅದನ್ನು ಓದಿ ಯೋಚಿಸಲಿ. ಸಾಲ ತೆಗೆಯುವವರು ಒಂದು ಹಾಳೆ ತೆಗೆದುಕೊಂಡು ಯಾರಿಗೆ ಎಷ್ಟು, ವಾರದ ಕಂತು ಎಷ್ಟು, ಯಾವಾಗ ಮುಗಿಯುತ್ತದೆ ಬರೆದಿಡಿ. ಗಂಡ-ಹೆಂಡತಿ ಇಬ್ಬರಿಗೂ ಆ ಹಾಳೆ ಗೊತ್ತಿರಲಿ. ಒಂದು ಸಂಘದ ಕಂತು ತುಂಬಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯುವ ಹೊತ್ತಿಗೆ ಸಭೆಯ ಹಿರಿಯರ ಹತ್ತಿರ ಬಾಯಿ ಬಿಟ್ಟು ಹೇಳಿ. ಸಾಲಗಳಲ್ಲಿ ಅರ್ಧದಷ್ಟು ಮದುವೆಯ ಆಡಂಬರದಿಂದಲೇ ಬಂದಿರುತ್ತವೆ ಅನ್ನುವಷ್ಟು ನಾವು ಅದಕ್ಕೆ ಸುರಿಯುತ್ತೇವೆ. ವರದಕ್ಷಿಣೆ 1961ರ ಕಾಯ್ದೆಯಿಂದಲೇ ಅಪರಾಧ. ಕ್ರೈಸ್ತ ಮನೆಗಳಲ್ಲಿ ಅದಕ್ಕೆ ‘ಉಡುಗೊರೆ’ ಅಂತ ಹೆಸರಿಟ್ಟರೆ ಬದಲಾಗುವುದಿಲ್ಲ. ಗಂಡಿನ ಕಡೆಯವರು ಮೊದಲ ಮಾತುಕತೆಯಲ್ಲೇ ‘ನಮಗೆ ಏನೂ ಬೇಡ’ ಅನ್ನಲಿ, ಹಾಗೇ ನಡೆದುಕೊಳ್ಳಲಿ.

ಕಾಣಿಕೆಯ ವಿಷಯಕ್ಕೆ ಬಂದರೆ, ವಾರದ ಮೊದಲ ದಿನ ನಿಮ್ಮ ಆದಾಯಕ್ಕೆ ತಕ್ಕಷ್ಟು ತೆಗೆದಿಡಿ ಅಂತ ಪೌಲ ಕೊರಿಂಥದವರಿಗೆ ಬರೆದ. ತಿಂಗಳಿಗೆ 15,000 ರೂಪಾಯಿ ದುಡಿಯುವವನಿಗೆ ದಶಮಾಂಶ ಅಂದರೆ 1,500. ಈಗ ಆಗದಿದ್ದರೆ 300ರಿಂದ ಶುರು ಮಾಡಿ. ಸಾಲ ತಂದು ಕಾಣಿಕೆ ಹಾಕಬೇಡಿ. ಇಷ್ಟು ಕೊಟ್ಟರೆ ನೂರು ಪಟ್ಟು ಬರುತ್ತದೆ ಅಂತ ಆಸೆ ತೋರಿಸುವವರಿಗೆ ಕೊಡಲೇಬೇಡಿ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಯಾರೂ ಬೊಟ್ಟು ಮಾಡಬಾರದು ಅಂತ ಪೌಲನೇ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡ. ಆದ್ದರಿಂದ ಸಭೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಿಸುವುದು ತಪ್ಪಲ್ಲ. ಲೆಕ್ಕ ಕೇಳಿದವರನ್ನು ವಿಶ್ವಾಸ ಇಲ್ಲದವರು ಅನ್ನಬಾರದು.

ಜಗಳ ಮುರಿಯುವುದು

ಬದುವಿನ ಜಗಳ, ಆಸ್ತಿ ಪಾಲಿನ ಜಗಳ, ಚರ್ಚ್ ಕಮಿಟಿ ಚುನಾವಣೆಯ ಜಗಳ. ಅಣ್ಣತಮ್ಮಂದಿರು ಚರ್ಚಿನಲ್ಲಿ ಪ್ರಭುಭೋಜನದ ಒಂದೇ ಬಟ್ಟಲಿನಿಂದ ಕುಡಿದು ಹೊರಗೆ ಬಂದು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸುಸ್ವಾಮಿ ಹೇಳಿದ್ದಾರೆ, ಮತ್ತಾಯ 5ರಲ್ಲಿ ಇದೆ. ತಪ್ಪು ಯಾರದು ಅಂತ ಲೆಕ್ಕ ಹಾಕಿ ಹೋಗು ಅಂದಿಲ್ಲ.

ಹೋಗುವ ಕ್ರಮ ಮತ್ತಾಯ 18ರಲ್ಲಿದೆ. ಮೊದಲು ಒಬ್ಬರೇ ಹೋಗಿ. ಊರ ಹಿರಿಯರನ್ನು ಕರೆದುಕೊಂಡು ಹೋದರೆ ಪಂಚಾಯಿತಿ ಆಗುತ್ತದೆ. ‘ಕಾಕಾ, ಆ ದಿನ ಎಲ್ಲರ ಮುಂದೆ ನಿಮಗೆ ಹಾಗೆ ಅಂದಿದ್ದು ನನ್ನ ತಪ್ಪು’ ಅಂತ ಮಾಡಿದ್ದನ್ನು ಹೆಸರಿಟ್ಟು ಹೇಳಿ. ‘ಆದರೆ ನೀವೂ…’ ಅನ್ನುವ ಬಾಲ ಜೋಡಿಸಬೇಡಿ. ನಷ್ಟ ಮಾಡಿದ್ದರೆ ಕಟ್ಟಿಕೊಡಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುಸ್ವಾಮಿಯ ಮುಂದೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅವರು ಆವತ್ತು ಒಪ್ಪದಿದ್ದರೆ ಚಹಾ ಕುಡಿದು ಬನ್ನಿ, ಮುಂದಿನ ತಿಂಗಳು ಮತ್ತೆ ಹೋಗಿ. ಆಮೇಲಷ್ಟೇ ಇಬ್ಬರು ಮೂವರನ್ನು ಜೊತೆ ಕರೆದುಕೊಳ್ಳಿ.

ನೆರೆಹೊರೆ, ಮತ್ತು ಜಾತಿ

ಎಳ್ಳ ಅಮಾವಾಸ್ಯೆಗೆ ಪಕ್ಕದವರು ಹೊಲಕ್ಕೆ ಊಟಕ್ಕೆ ಕರೆಯುತ್ತಾರೆ. ರಂಜಾನಿಗೆ ಸುರಕುಂಬಾ ಬರುತ್ತದೆ. ಹೋಗಿ, ಊಟ ಮಾಡಿ, ಕ್ರಿಸ್‌ಮಸ್‌ಗೆ ನೀವೂ ಕರೆಯಿರಿ. ಪೂಜೆಗೆ ಒಪ್ಪಿಸಿದ್ದನ್ನು ತಿನ್ನುವ ವಿಷಯದಲ್ಲಿ ಸಭೆಗಳ ಅಭಿಪ್ರಾಯ ಒಂದೇ ಇಲ್ಲ. ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಕೈಮುಗಿದು ಮೆತ್ತಗೆ ಬೇಡ ಅನ್ನಿ, ಅವರ ಎದುರು ಎಸೆಯಬೇಡಿ. ಬೇರೆಯವರ ದೇವರನ್ನು ಹೀಯಾಳಿಸುವುದು ಸಾಕ್ಷಿ ಅಲ್ಲ. ಎಫೆಸದಲ್ಲಿ ಗಲಭೆಯಾದಾಗ ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಅಂತ ಆ ಪಟ್ಟಣದ ಅಧಿಕಾರಿಯೇ ಪೌಲನ ಸಂಗಡಿಗರ ಪರವಾಗಿ ಹೇಳಿದ. ನಮ್ಮ ಬಗ್ಗೆಯೂ ಊರಿನವರು ಹಾಗೆ ಹೇಳುವಂತಿರಬೇಕು. ಯಾರಾದರೂ ಕೇಳಿದರೆ ನಿಮ್ಮ ನಂಬಿಕೆಗೆ ಕಾರಣ ಏನು ಅಂತ ಸಾತ್ವಿಕವಾಗಿ ಹೇಳಿ. ಹಣ, ಕೆಲಸ, ಆಸೆ ಯಾವುದನ್ನೂ ಅದಕ್ಕೆ ಅಂಟಿಸಬೇಡಿ.

ಜಾತಿಯ ಮಾತು ನೋವು ಕೊಡುತ್ತದೆ. ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಅನ್ನುವ ಭೇದ ಕ್ರಿಸ್ತನಲ್ಲಿ ಇಲ್ಲ ಅಂತ ಗಲಾತ್ಯ 3ನ್ನು ಬಾಯಿಪಾಠ ಹೇಳುತ್ತೇವೆ. ಹೆಣ್ಣು ಕೊಡುವ ಹೊತ್ತಿಗೆ ‘ಅವರು ಮೊದಲು ಯಾರ ಪೈಕಿ?’ ಅಂತ ಕೇಳುತ್ತೇವೆ. ಈ ಪ್ರಶ್ನೆ ನಿಮ್ಮ ಮನೆಯಲ್ಲಿ ಬಂದಾಗ ಹುಡುಗನ ನಡತೆ ಕೇಳಿ, ದುಡಿಮೆ ಕೇಳಿ, ಇದೊಂದನ್ನು ಕೇಳಬೇಡಿ ಅಂತ ತಡೆಯಿರಿ.

ಕಾಯಿಲೆ ಬಂದಾಗ

ಪ್ರಾರ್ಥನೆಗೆ ಕರೆಯಿರಿ, ಔಷಧಿ ಬಿಡಬೇಡಿ. ಸುವಾರ್ತೆ ಬರೆದ ಲೂಕ ವೈದ್ಯನಾಗಿದ್ದ. ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಮೈಗೆ ಹಗುರ ಅನಿಸಿತು ಅಂತ ನಡುವೆ ನಿಲ್ಲಿಸಿದರೆ ರೋಗ ಮತ್ತೆ ಗಟ್ಟಿಯಾಗಿ ಬರುತ್ತದೆ. ಮಾತ್ರೆ ಬಿಡುವುದೇ ವಿಶ್ವಾಸ ಅಂತ ಯಾರೇ ಹೇಳಿದರೂ ಕೇಳಬೇಡಿ. ರೋಗಿಯನ್ನು ನೋಡಲು ಹೋದವರು ಕಾಲು ತಾಸು ಕೂತು, ಸಣ್ಣ ಪ್ರಾರ್ಥನೆ ಮಾಡಿ, ಒಂದು ಡಬ್ಬಿ ಗಂಜಿ ಕೊಟ್ಟು ಎದ್ದು ಬನ್ನಿ. ಯಾವ ಪಾಪಕ್ಕೆ ಈ ರೋಗ ಬಂತು ಅಂತ ಹುಡುಕಬೇಡಿ.

ಬಿಟ್ಟುಹೋದಾಗ

ಸುಗ್ಗಿ ಬರುತ್ತದೆ, ಗೋವಾಕ್ಕೆ ದುಡಿಯಲು ಹೋಗಬೇಕಾಗುತ್ತದೆ, ಮನೆಯಲ್ಲಿ ಸಾವಾಗುತ್ತದೆ. ಓದು, ಪ್ರಾರ್ಥನೆ ಎಲ್ಲ ನಿಂತುಹೋಗುತ್ತದೆ. ತಪ್ಪಿಸಿಕೊಂಡ ಅಧ್ಯಾಯಗಳನ್ನು ತುಂಬಿಸಲು ಹೋಗಬೇಡಿ, ಇವತ್ತಿನದನ್ನು ಓದಿ. ದೇವರ ಮೇಲೆ ಸಿಟ್ಟಿದ್ದರೆ ಕೀರ್ತನೆ 13 ತೆಗೆಯಿರಿ, ಎಲ್ಲಿಯ ತನಕ ನನ್ನನ್ನು ಮರೆತಿರುತ್ತೀ ಅಂತ ಅದು ದೇವರನ್ನೇ ಕೇಳುತ್ತದೆ. ಕೀರ್ತನೆ 88 ಕತ್ತಲಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಕ್ಯಾಥೊಲಿಕರು ಪಾಪನಿವೇದನೆಗೆ ಹೋಗಿ. ಬೇರೆ ಸಭೆಯವರು ಗುಟ್ಟು ಕಾಯುವ ಒಬ್ಬ ಹಿರಿಯರ ಹತ್ತಿರ ಮನಸ್ಸು ಬಿಚ್ಚಿ. ಗೋವಾ, ಪುಣೆ ಕಡೆ ಹೊರಟವರು ಅಲ್ಲಿ ಕನ್ನಡ ಆರಾಧನೆ ಎಲ್ಲಿ ನಡೆಯುತ್ತದೆ ಅಂತ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಒಬ್ಬರೇ ಇದನ್ನೆಲ್ಲ ಹಿಡಿದುಕೊಂಡು ಹೋಗುವುದು ಕಷ್ಟ. ನಿಮ್ಮ ಸಭೆಯಲ್ಲಿ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ವಾರಕ್ಕೆ ಅರ್ಧ ತಾಸು ಕೂಡಿ, ಗಂಡಸರು ಬೇರೆ, ಹೆಂಗಸರು ಬೇರೆ ಆದರೂ ನಡೆಯುತ್ತದೆ. ಒಬ್ಬರಿಗೊಬ್ಬರು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಏನು ಓದಿದೆ? ಯಾರ ಜೊತೆ ಮಾತು ಬಿಟ್ಟಿದ್ದೀಯಾ? ಯಾರ ಕೂಲಿಯಾದರೂ ಬಾಕಿ ಇದೆಯಾ? ಮೂರನೆಯದಕ್ಕೆ ಹೌದು ಅಂತ ಉತ್ತರ ಬಂದರೆ ಆ ದಿನದ ಕೂಟ ಅಲ್ಲಿಗೇ ನಿಲ್ಲಲಿ. ಅವರು ಮೊದಲು ಹೋಗಿ ಕೊಟ್ಟು ಬರಲಿ.